ಶಿವ ನಿಟ್ಟುಸಿರಾದ, ಮಾರಿ ಬೈಗುಳವಾದಳು

ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜು ನಡೆಯುವ ಹೊತ್ತಿನಲ್ಲಿ ಅರ್ಧ ಗಂಟೆ ಸುಮ್ಮನೆ ಕಿವಿಗೊಟ್ಟು ನಿಂತರೆ ದೇವಲೋಕದ ಮುಕ್ಕಾಲು ಹೆಸರುಗಳು ಕೇಳಿಬರುತ್ತವೆ. ಎಣಿಸಿದ್ದ ಬೆಲೆ ಸಿಗದ ರೈತ ‘ಈ ಸಲ ಗೋವಿಂದ’ ಎನ್ನುತ್ತಾನೆ. ಪಕ್ಕದವನು ‘ಶಿವ ಶಿವಾ’ ಎಂದು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾನೆ. ತೂಕದಲ್ಲೋ ಕಮಿಷನ್ನಿನಲ್ಲೋ ಮೋಸವಾಯಿತೆಂದು ಅನುಮಾನ ಬಂದವನು ‘ಸರಿಯಾಗಿ ನಾಮ ಹಾಕಿದ’ ಎನ್ನುತ್ತಾನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬಂದವರ ತೆಲುಗಿನಲ್ಲಿ ಅದೇ ಸಂಕಟ ‘ಓರಿ ದೇವುಡಾ’ ಆಗುತ್ತದೆ. ಕೈಜಾರಿ ಬಾಕ್ಸ್ ಬೀಳಿಸಿದ ಹುಡುಗ ‘ಶನಿ’ ಎನಿಸಿಕೊಳ್ಳುತ್ತಾನೆ, ಹಣ್ಣು ಆರಿಸುವಾಗ ಕೈ ನಿಧಾನವಾದ ಹೆಂಗಸು ‘ಮೂದೇವಿ’ ಎನಿಸಿಕೊಳ್ಳುತ್ತಾಳೆ. ಇಷ್ಟೆಲ್ಲ ಆದರೂ ಅಲ್ಲಿ ಯಾರ ಭಕ್ತಿಗೂ ಧಕ್ಕೆಯಾದಂತೆ ಕಾಣುವುದಿಲ್ಲ. ಅದೇ ರೈತ ಶನಿವಾರ ಬಂದರೆ ಚಿಕ್ಕತಿರುಪತಿಗೆ ಹೋಗಿ ಅದೇ ಗೋವಿಂದನಾಮವನ್ನು ಕೈಮುಗಿದು ಕೂಗಿ ಬರುತ್ತಾನೆ.

ಇದೇ ಪದಗಳು ಹಾಸ್ಯ ಕಲಾವಿದನ ವೇದಿಕೆಯಿಂದಲೋ, ಸಿನಿಮಾ ಹಾಡಿನಿಂದಲೋ, ಮೂವತ್ತು ಸೆಕೆಂಡಿನ ರೀಲ್ಸಿನಿಂದಲೋ ಹೊರಟಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. 2025ರ ಮೇ ತಿಂಗಳಲ್ಲಿ ತಮಿಳು ಚಿತ್ರವೊಂದರ ಹಾಡು ಗೋವಿಂದನಾಮವನ್ನು ಹಗುರವಾಗಿ ಬಳಸಿದೆ ಎಂಬ ಆಕ್ಷೇಪ ಎದ್ದದ್ದನ್ನು ತಿರುಪತಿಗೆ ಹತ್ತಿರದಲ್ಲೇ ಇರುವ ಈ ಭಾಗದ ಜನ ಗಮನಿಸಿದ್ದರು. ಅಂಥ ಪ್ರತಿ ಪ್ರಸಂಗದಲ್ಲೂ ಕೇಳಲಾಗುವ ಪ್ರಶ್ನೆ ಒಂದೇ: ದೇವರ ಹೆಸರನ್ನು ಹೀಗೆ ಬಳಸಬಹುದೇ? ಈ ಪ್ರಶ್ನೆ ತೀರಾ ಒರಟಾಗಿದೆ ಎಂದು ನನಗೆ ಅನ್ನಿಸುತ್ತದೆ. ಯಾವ ದೇವರ ಹೆಸರು ಕನ್ನಡದಲ್ಲಿ ಏನಾಗಿ ಬಳಕೆಯಾಗುತ್ತಿದೆ, ಅದು ಕೊನೆಗೆ ಯಾರ ಮೇಲೆ ಹೋಗಿ ಬೀಳುತ್ತಿದೆ ಎಂಬುದನ್ನು ಬಿಡಿಸಿ ನೋಡದೆ ಇದಕ್ಕೆ ಉತ್ತರ ಹೇಳಲಾಗದು.

ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದು ಎಂಬ ಕಟ್ಟಪ್ಪಣೆ ನೇರವಾಗಿ ಇರುವುದು ಯಹೂದಿ ಮತ್ತು ಕ್ರೈಸ್ತ ಪರಂಪರೆಯಲ್ಲಿ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಬರುವ ಹತ್ತು ಆಜ್ಞೆಗಳಲ್ಲಿ ಅದೂ ಒಂದು. ಬಹುಪಾಲು ಪ್ರಾಟೆಸ್ಟಂಟರ ಎಣಿಕೆಯಲ್ಲಿ ಮೂರನೆಯದು, ಕಥೋಲಿಕರ ಎಣಿಕೆಯಲ್ಲಿ ಎರಡನೆಯದು. ಸುಳ್ಳು ಪ್ರಮಾಣವೂ ಆ ಆಜ್ಞೆಯ ವ್ಯಾಪ್ತಿಗೆ ಸೇರುತ್ತದೆ. ಇಂಗ್ಲಿಷಿನಲ್ಲಿ ಆಣೆಯಿಡುವುದಕ್ಕೂ ಬೈಯುವುದಕ್ಕೂ ಒಂದೇ ಕ್ರಿಯಾಪದ ಇರುವುದರ ಹಿಂದೆ ಈ ಇತಿಹಾಸವಿದೆ. ಯಹೂದಿಗಳು ಇನ್ನೂ ಮುಂದೆ ಹೋಗಿ ದೇವರ ನಾಲ್ಕಕ್ಷರದ ಹೆಸರನ್ನು ಉಚ್ಚರಿಸುವುದನ್ನೇ ಬಿಟ್ಟರು. ಇಂಗ್ಲೆಂಡಿನಲ್ಲಿ 1606ರ ಕಾಯ್ದೆಯೊಂದು ನಾಟಕದ ರಂಗದ ಮೇಲೆ ದೇವರ ಅಥವಾ ಕ್ರಿಸ್ತನ ಹೆಸರನ್ನು ತಮಾಷೆಗೆ ಬಳಸಿದವರಿಗೆ ಹತ್ತು ಪೌಂಡ್ ದಂಡ ವಿಧಿಸಿತು. 1745ರ ಇನ್ನೊಂದು ಕಾಯ್ದೆ ದಂಡವನ್ನು ಬೈದವನ ಅಂತಸ್ತಿಗೆ ತಕ್ಕಂತೆ ಹಂಚಿತ್ತು: ಕೂಲಿಯವನಿಗೆ ಒಂದು ಷಿಲಿಂಗ್, ದೊಡ್ಡ ಮನುಷ್ಯನಿಗೆ ಐದು. ನಾಲಿಗೆಗೂ ತೆರಿಗೆಯ ಶ್ರೇಣಿ ಇದ್ದ ಆ ಕಾಯ್ದೆ ರದ್ದಾದದ್ದು 1967ರಲ್ಲಿ.

ಬೇಲಿ ಕಟ್ಟಿದ ಕಡೆ ಅದನ್ನು ಹಾರುವ ಚಪಲವೂ ಹುಟ್ಟುತ್ತದೆ. ಚರ್ಚಿನ ಹಿಡಿತ ಬಹುಕಾಲ ಬಿಗಿಯಾಗಿದ್ದ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚಿನಲ್ಲಿ ಇವತ್ತಿಗೂ ಅತಿ ಖಾರವಾದ ಬೈಗುಳಗಳೆಂದರೆ ಪೂಜಾಪೀಠದ ಪೆಟ್ಟಿಗೆ, ಪಾನಪಾತ್ರೆ, ಪ್ರಸಾದದ ರೊಟ್ಟಿ ಇವುಗಳ ಹೆಸರುಗಳೇ. ದೇವರನ್ನು ಹೆಸರಿಸಲು ಹೆದರಿದ ಇಂಗ್ಲಿಷರು ‘ಗಾಡ್’ ಅನ್ನು ‘ಗಾಶ್’ ಎಂದೂ, ‘ಜೀಸಸ್’ ಅನ್ನು ‘ಜೀ’ ಎಂದೂ ಅರ್ಧಕ್ಕೆ ನುಂಗಿದರು. ‘ಓ ಮೈ ಗಾಡ್’ ಎಂಬುದರ ಮೂರಕ್ಷರದ ಸಂಕ್ಷೇಪ ನಮ್ಮ ಕಾಲೇಜು ಮಕ್ಕಳ ಸೃಷ್ಟಿಯಲ್ಲ. 1917ರಲ್ಲಿ ಬ್ರಿಟನ್ನಿನ ನೌಕಾಪಡೆಯ ಹಿರಿಯ ಅಧಿಕಾರಿ ಫಿಶರ್ ಚರ್ಚಿಲ್‌ಗೆ ಬರೆದ ಪತ್ರದಲ್ಲೇ ಅದು ಕಾಣಿಸಿಕೊಂಡಿದೆ. ಈಗ ತುಮಕೂರಿನ ಬಸ್ ನಿಲ್ದಾಣದಲ್ಲಿ ಅದೇ ಮಾತು ಕನ್ನಡದ ವಾಕ್ಯದ ಮಧ್ಯೆ ಸಲೀಸಾಗಿ ಬರುತ್ತದೆ. ಹೇಳುವ ಹುಡುಗಿಗೆ ಅದೊಂದು ಆಜ್ಞೆಯ ಉಲ್ಲಂಘನೆ ಎಂಬುದರ ಸುಳಿವೂ ಇರುವುದಿಲ್ಲ, ಏಕೆಂದರೆ ಪದ ಮಾತ್ರ ಬಂದಿದೆ, ಬೇಲಿ ಬಂದಿಲ್ಲ. ಪಕ್ಕದಲ್ಲಿ ಕುಳಿತ ಕ್ರೈಸ್ತ ಗೆಳತಿಗೆ ‘ಜೀಸಸ್’ ಎಂಬ ಉದ್ಗಾರ ಚುಚ್ಚಬಹುದು ಎಂಬ ಯೋಚನೆ ಬರುವುದೂ ಅಪರೂಪ. ಬ್ರಿಟಿಷ್ ಗಣಿ ಕಂಪನಿಗಳ ಆಳ್ವಿಕೆಯಲ್ಲಿ ಬೆಳೆದ ಕೆಜಿಎಫ್‌ನ ಹಳೆಯ ಇಂಗ್ಲಿಷ್ ಬಲ್ಲವರಿಗೆ ಈ ಸೂಕ್ಷ್ಮ ತಿಳಿದಿರುತ್ತದೆ. ಮಿಕ್ಕ ನಮಗೆ ಇಂಗ್ಲಿಷ್ ಬೈಗುಳಗಳೆಲ್ಲ ಒಂದೇ ತೂಕದವು.

ಈ ಬೇಲಿ ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಾಗಿಲ್ಲ. ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಕಥೆ ಬರುತ್ತದೆ. ಬದುಕೆಲ್ಲ ದಾರಿ ತಪ್ಪಿ ನಡೆದ ಆತ ಸಾಯುವಾಗ ನಾರಾಯಣನೆಂಬ ಹೆಸರಿನ ತನ್ನ ಮಗನನ್ನು ಕೂಗುತ್ತಾನೆ, ದೇವರನ್ನಲ್ಲ, ಮಗನನ್ನು. ಆದರೂ ವಿಷ್ಣುದೂತರು ಬಂದು ಯಮದೂತರನ್ನು ತಡೆಯುತ್ತಾರೆ. ಬೇರೆ ಯಾರನ್ನೋ ಕರೆಯುವಾಗ, ಪರಿಹಾಸ್ಯಕ್ಕೆ, ಹಾಡಿನ ನಡುವೆ ಸುಮ್ಮನೆ ತುಂಬಿಸಲು, ಕಡೆಗೆ ತಾತ್ಸಾರದಿಂದ ಹೇಳಿದರೂ ವೈಕುಂಠನ ನಾಮ ಪಾಪ ಕಳೆಯುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಅಂದರೆ ಒಂದು ಪರಂಪರೆ ಯಾವುದನ್ನು ಅಪರಾಧವೆಂದು ಪಟ್ಟಿ ಮಾಡಿತೋ ಅದನ್ನೇ ಇನ್ನೊಂದು ಪರಂಪರೆ ಪುಣ್ಯದ ಲೆಕ್ಕಕ್ಕೆ ಸೇರಿಸಿಕೊಂಡಿತು. ಮಕ್ಕಳಿಗೆ ದೇವರ ಹೆಸರಿಡುವ ವಾಡಿಕೆಯ ಹಿಂದೆ ಈ ಆಸೆಯೂ ಇದೆ: ದಿನಕ್ಕೆ ನೂರು ಸಲ ಮಗನನ್ನು ಕೂಗಿದರೆ ನೂರು ಸಲ ನಾಮಸ್ಮರಣೆಯಾದಂತೆ. ಶಿಶುಪಾಲನ ನೂರು ಬೈಗುಳವನ್ನು ಎಣಿಸುತ್ತ ಕುಳಿತ ಕೃಷ್ಣನೂ, ದೇವರನ್ನು ಬೈದೇ ಹೊಗಳುವ ದಾಸರ ನಿಂದಾಸ್ತುತಿಯೂ ಇದೇ ಮನೋಧರ್ಮಕ್ಕೆ ಸೇರಿದವು. ಕುರಾನ್ ಕೂಡ ಈ ವಿಷಯದಲ್ಲಿ ಉದ್ದೇಶಕ್ಕೆ ತೂಕ ಕೊಡುತ್ತದೆ. ಬಾಯಿತಪ್ಪಿ ಬಂದ ಆಣೆಗಳಿಗೆ ದೇವರು ನಿಮ್ಮನ್ನು ಹಿಡಿಯುವುದಿಲ್ಲ ಎಂದು ಎರಡನೆಯ ಅಧ್ಯಾಯದಲ್ಲೂ ಐದನೆಯ ಅಧ್ಯಾಯದಲ್ಲೂ ಹೇಳಿದೆ. ಮನಸ್ಸಿಟ್ಟು ಮಾಡಿದ ಪ್ರಮಾಣವನ್ನು ಮುರಿದರೆ ಮಾತ್ರ ಹತ್ತು ಬಡವರಿಗೆ ಊಟ ಹಾಕುವಂಥ ಪ್ರಾಯಶ್ಚಿತ್ತವಿದೆ.

ಹೀಗಿರುವಾಗ ‘ಶಿವ ಶಿವಾ’, ‘ಅಯ್ಯೋ ರಾಮ’, ‘ಕೃಷ್ಣ ಕೃಷ್ಣಾ’ ಎಂಬ ಉದ್ಗಾರಗಳನ್ನು ಬೈಗುಳದ ಸಾಲಿಗೆ ಸೇರಿಸುವುದು ಇಂಗ್ಲಿಷಿನ ಕನ್ನಡಕ ಹಾಕಿಕೊಂಡು ಕನ್ನಡವನ್ನು ಓದಿದಂತೆ. ಅವು ನಿಟ್ಟುಸಿರುಗಳು. ಕಾಲಿಗೆ ಕಲ್ಲು ತಾಗಿದಾಗ ನಮ್ಮ ಬಾಯಿಗೆ ಮೊದಲು ಬರುವುದು ‘ಅಮ್ಮಾ’, ಆಮೇಲೆ ‘ಅಪ್ಪಾ’, ಮೂರನೆಯವನು ಶಿವ. ಮೂವರನ್ನೂ ಕರೆಯುವುದು ಒಂದೇ ಸಲುಗೆಯಿಂದ.

ಹಾಗೆಂದು ಎಲ್ಲವೂ ನಿಟ್ಟುಸಿರಲ್ಲ. ಪೂಜೆಯ ಪದಕೋಶ ಪೂರ್ತಿಯಾಗಿ ನಮ್ಮ ಹಾಸ್ಯದ ಉಗ್ರಾಣಕ್ಕೆ ವರ್ಗಾವಣೆಯಾಗಿದೆ. ಮೇಷ್ಟ್ರು ಬೈದರೆ ‘ಮಂಗಳಾರತಿ’, ಮನೆಯವರು ಬಿಡದೆ ಬೈದರೆ ‘ಸಹಸ್ರನಾಮಾರ್ಚನೆ’, ಪೊಲೀಸರು ಬಡಿದರೆ ‘ಪೂಜೆ’, ಅವರ ಕೈಯ ಏಟು ‘ಪ್ರಸಾದ’. ಹೆಂಡಕ್ಕೆ ‘ತೀರ್ಥ’ ಎಂದೂ ‘ಪರಮಾತ್ಮ’ ಎಂದೂ ಹೆಸರು. ಮುಗಿಯದ ದೂರು ‘ರಾಮಾಯಣ’, ಬೇಸರ ತರಿಸುವ ಆತ್ಮಕಥೆ ‘ಪುರಾಣ’, ಹೊಂದಾಣಿಕೆಯ ಸುಳ್ಳು ಲೆಕ್ಕ ‘ಕೃಷ್ಣನ ಲೆಕ್ಕ’. ‘ಗೋವಿಂದ’ ಎಂದರೆ ಹೋಯಿತು, ಮುಗಿಯಿತು ಎಂಬ ಅರ್ಥ ಬಂದದ್ದು ಶವ ಹೊತ್ತು ನಡೆಯುವಾಗ ಆ ನಾಮವನ್ನು ಕೂಗುವ ರೂಢಿಯಿಂದ ಇರಬೇಕೆಂದು ನನ್ನ ಊಹೆ. ‘ಶಿವನ ಪಾದ ಸೇರಿತು’ ಎಂಬ ಮಾತು ಕೆಟ್ಟುಹೋದ ಮೋಟಾರಿಗೂ ಸಲ್ಲುವುದನ್ನು ನೋಡಿದರೆ ಆ ಊಹೆಗೆ ಬಲ ಬರುತ್ತದೆ. ‘ಪಂಗನಾಮ’, ‘ಉಂಡೆನಾಮ’, ‘ಮೂರು ನಾಮ’ ಎಂಬ ಮಾತುಗಳಲ್ಲಿ ಮಾತ್ರ ಒಂದು ಹಳೆಯ ಮುಳ್ಳಿದೆ. ವೈಷ್ಣವರ ಹಣೆಯ ಗುರುತು ಮೋಸದ ಗುರುತಾದದ್ದು ತಾನಾಗಿ ಆಗಿರಲಾರದು. ಒಂದು ಮತದವರು ಇನ್ನೊಂದು ಮತದವರನ್ನು ಛೇಡಿಸಿದ ನೆನಪು ಅದರಲ್ಲಿ ಉಳಿದಿದೆ. ಇವತ್ತು ಅದನ್ನು ಆಡುವವರಿಗೂ ಆಡಿಸಿಕೊಳ್ಳುವವರಿಗೂ ಆ ಜಗಳ ಮರೆತುಹೋಗಿದೆ, ಹಣೆಯ ಮೇಲೆ ನಾಮವಿಟ್ಟುಕೊಂಡವರೇ ‘ಚೀಟಿಯವನು ನಾಮ ಹಾಕಿದ’ ಎಂದು ಗೊಣಗುತ್ತಾರೆ.

ಹೊಸ ತಲೆಮಾರು ಇದಕ್ಕೆ ತನ್ನ ಪಾಲನ್ನು ಸೇರಿಸಿದೆ. ತುಮಕೂರಿನ ಚಹಾ ಅಂಗಡಿಯ ಮುಂದೆ ಇಬ್ಬರು ಹುಡುಗರು ಎದುರಾದರೆ ‘ಏನ್ ಗುರು’, ‘ಏನ್ ಶಿವಾ’, ‘ಹೇಳಿ ದೇವ್ರು’ ಎಂಬಲ್ಲಿಂದ ಮಾತು ಶುರುವಾಗುತ್ತದೆ. ಸಿದ್ಧಗಂಗೆಯ ನೆರಳಿನಲ್ಲಿರುವ, ‘ಗುರು’ ಎಂಬ ಪದಕ್ಕೆ ನೂರಾ ಹನ್ನೊಂದು ವರ್ಷ ಬಾಳಿದ ಶಿವಕುಮಾರ ಸ್ವಾಮೀಜಿಯವರ ಮುಖವೇ ಕಣ್ಣಿಗೆ ಬರುವ ಊರಿನಲ್ಲಿ, ಅದೇ ಪದ ಪಂಕ್ಚರ್ ಹಾಕುವವನಿಗೂ ಸಲ್ಲುತ್ತದೆ. ಹಿರಿಯರಿಗೆ ಇದು ಸವಕಲು ಅನ್ನಿಸಬಹುದು. ನನಗೆ ಇದರಲ್ಲಿ ಕೀಳಾದದ್ದೇನೂ ಕಾಣುವುದಿಲ್ಲ, ಏಕೆಂದರೆ ಎದುರಿನ ಮನುಷ್ಯನನ್ನು ಇಲ್ಲಿ ಮೇಲಕ್ಕೆ ಎತ್ತಲಾಗುತ್ತಿದೆಯೇ ಹೊರತು ಕೆಳಕ್ಕೆ ಇಳಿಸುತ್ತಿಲ್ಲ.

ಆಣೆಯ ಮಾತು ಸ್ವಲ್ಪ ಬೇರೆ. ‘ದೇವ್ರಾಣೆ’ ಎಂಬುದು ಈಗ ‘ನಿಜವಾಗಿ’ ಎಂಬುದರ ಪರ್ಯಾಯವಷ್ಟೇ ಆಗಿದ್ದರೂ ಔಪಚಾರಿಕ ಸ್ಥಳದಲ್ಲಿ ಅದು ತನ್ನ ತೂಕವನ್ನು ಉಳಿಸಿಕೊಂಡಿದೆ. ಸಂವಿಧಾನದ ಮೂರನೆಯ ಅನುಸೂಚಿ ಸಚಿವರಿಗೆ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವ ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸುವ ಎರಡು ದಾರಿಗಳನ್ನು ಕೊಟ್ಟಿದೆ. 2023ರ ಮೇ 20ರಂದು ಡಿ.ಕೆ. ಶಿವಕುಮಾರ್ ಅವರು ಪ್ರಮಾಣವಚನದಲ್ಲಿ ಗಂಗಾಧರ ಅಜ್ಜನ ಹೆಸರು ಹೇಳಿದಾಗ ತಿಪಟೂರು ತಾಲ್ಲೂಕಿನ ನೊಣವಿನಕೆರೆಯ ಮಠದ ಭಕ್ತರಿಗೆ ಅದು ರೋಮಾಂಚನದ ಕ್ಷಣವಾಗಿತ್ತು. ಹೆಸರಿನ ಬೆಲೆ ಅದನ್ನು ಎಷ್ಟು ಸಲ ಆಡಿದರು ಎಂಬುದರ ಮೇಲೆ ಮಾತ್ರ ನಿಂತಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಆ ಟೊಮೆಟೊ ಮಾರುಕಟ್ಟೆಗೆ ಹಿಂದಿರುಗಿ ಕೊನೆಯ ಎರಡು ಪದಗಳನ್ನು ನೋಡಬೇಕು. ಗೋವಿಂದ, ಶಿವ, ರಾಮ, ಕೃಷ್ಣ ಇವರಲ್ಲಿ ಯಾರ ಹೆಸರನ್ನೂ ನಾವು ಇನ್ನೊಬ್ಬರ ಮುಖಕ್ಕೆ ಎಸೆಯುವುದಿಲ್ಲ. ‘ಲೇ ಗೋವಿಂದ’ ಎಂದರೆ ಅದು ಬೈಗುಳವಾಗದು, ಆತನ ಹೆಸರೇ ಗೋವಿಂದ ಇರಬೇಕು. ಮುಖಕ್ಕೆ ಎಸೆಯಲು ನಾವು ಆರಿಸಿಕೊಂಡಿರುವ ದೈವಗಳು ಬೇರೆ: ಮೂದೇವಿ, ಮಾರಿ, ಶನಿ, ಚೌಡಿ, ಚಂಡಿ, ಕಾಳಿ. ಇವರೂ ಪೂಜೆಗೊಳ್ಳುವವರೇ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಂತೂ ಹೊಲದ ಬದುವಿನಲ್ಲಿ, ಊರಬಾಗಿಲಿನಲ್ಲಿ, ಬೇವಿನ ಮರದ ಬುಡದಲ್ಲಿ ಇವರ ಗುಡಿಗಳಿವೆ. ಮೇಲಿನ ದೇವರುಗಳ ಹೆಸರು ಸವೆದು ನಿಟ್ಟುಸಿರಾದವು, ಊರ ಅಂಚಿನ ದೈವಗಳ ಹೆಸರು ಸವೆದು ಕಲ್ಲಾದವು. ಅವರಲ್ಲಿ ಬಹುಪಾಲು ಹೆಣ್ಣುದೈವಗಳು ಎಂಬುದನ್ನು ಆಕಸ್ಮಿಕವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮೂದೇವಿಯನ್ನೇ ತೆಗೆದುಕೊಳ್ಳಿ. ‘ಮೂ’ ಎಂದರೆ ಹಿರಿಯ. ಸಂಸ್ಕೃತದಲ್ಲಿ ಆಕೆಯೇ ಜ್ಯೇಷ್ಠೆ, ಲಕ್ಷ್ಮಿಯ ಅಕ್ಕ. ಕಾಗೆಯ ಧ್ವಜ ಹಿಡಿದ, ಕತ್ತೆಯೊಂದಿಗೆ ಗುರುತಿಸಲಾಗುವ ಈ ದೇವಿಗೆ ಒಂದು ಕಾಲದಲ್ಲಿ ದಕ್ಷಿಣ ಭಾರತದಲ್ಲಿ ನಿಯಮಿತ ಪೂಜೆಯಿತ್ತು. ಪಲ್ಲವರು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಕಂಚಿಯ ಕೈಲಾಸನಾಥ ದೇವಾಲಯದಲ್ಲೂ ಆಕೆಯ ಶಿಲ್ಪವಿದೆ. ಕಾಲಕ್ರಮದಲ್ಲಿ ತಂಗಿಯ ಭಾಗ್ಯ ಏರಿದಂತೆ ಅಕ್ಕನಿಗೆ ದಾರಿದ್ರ್ಯ, ಜಗಳ, ಸೋಮಾರಿತನಗಳನ್ನು ಅಂಟಿಸಲಾಯಿತು. ಪೂಜೆ ನಿಂತಿತು, ಹೆಸರು ಮಾತ್ರ ಅಡುಗೆಮನೆಗೆ ಬಂದು ಉಳಿಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಲಗಿದ ಮಗಳಿಗೆ, ತಡವಾಗಿ ಎದ್ದ ಸೊಸೆಗೆ ಆ ಹೆಸರು ಸಲ್ಲುತ್ತದೆ. ಹುಡುಗರಿಗೂ ಒಮ್ಮೊಮ್ಮೆ ಅನ್ನುವುದುಂಟು, ಆದರೆ ಅದರ ಮುಖ್ಯ ವಿಳಾಸ ಯಾವುದೆಂದು ಎಲ್ಲರಿಗೂ ಗೊತ್ತು.

ಕೋಲಾರದ ಅಧಿದೇವತೆ ಕೋಲಾರಮ್ಮನ ವಿಷಯ ಇನ್ನೂ ಕುತೂಹಲಕರ. ಆಕೆಯ ಗುಡಿಯಲ್ಲಿರುವ ಚೋಳರ ಕಾಲದ ತಮಿಳು ಶಾಸನಗಳು ದೇವಿಯನ್ನು ಪಿಡಾರಿ ಎಂದು ಕರೆಯುತ್ತವೆ, ಅರಸರೇ ದತ್ತಿ ಬಿಟ್ಟ ದೈವವದು. ಅದೇ ‘ಪಿಡಾರಿ’ ಇಂದಿನ ತಮಿಳಿನಲ್ಲಿ ಬಾಯಿ ಜೋರಿನ ಹೆಂಗಸಿಗೆ ಅನ್ನುವ ಮಾತು. ‘ಅಡಂಗಾಪ್ಪಿಡಾರಿ’ ಎಂದರೆ ಯಾರ ಅಂಕೆಗೂ ಸಿಗದವಳು. ಅರಸನ ಶಾಸನದಲ್ಲಿ ದತ್ತಿ ಪಡೆದ ಹೆಸರು ಓಣಿಯ ಜಗಳಕ್ಕೆ ಇಳಿಯಲು ಸಾವಿರ ವರ್ಷವೂ ಬೇಕಾಗಲಿಲ್ಲ. ಕೋಲಾರಮ್ಮನಿಗೆ ಒಂದು ಅದೃಷ್ಟ ಒದಗಿತು: ಊರು ತನ್ನ ಹೆಸರನ್ನೇ ಆಕೆಗೆ ಕೊಟ್ಟದ್ದರಿಂದ ಹಳೆಯ ಹೆಸರು ಕಲ್ಲಿನ ಮೇಲೆ ಮಾತ್ರ ಉಳಿಯಿತು. ಊರಿನ ಹೆಸರು ಸಿಗದ ಮಾರಿಗೆ ಆ ರಕ್ಷಣೆ ದೊರೆಯಲಿಲ್ಲ.

ಮಾರಿಯ ಕಥೆ ರೋಗದ ಕಥೆಯೂ ಹೌದು. ಸಿಡುಬು ಊರೂರನ್ನೇ ಬರಿದು ಮಾಡುತ್ತಿದ್ದ ದಿನಗಳಲ್ಲಿ ಆ ರೋಗದ ಹೆಸರನ್ನೂ ಯಾರೂ ಹೇಳುತ್ತಿರಲಿಲ್ಲ, ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಸಣ್ಣ ದಡಾರಕ್ಕೂ ಇವತ್ತಿಗೂ ‘ಅಮ್ಮ ಆಗಿದೆ’ ಎನ್ನುವ ಮನೆಗಳಿವೆ. ಎದುರಿಗೆ ಅಮ್ಮ ಎಂದೂ, ಶತ್ರುವಿನ ಮನೆಗೆ ಕಳಿಸಬೇಕಾದಾಗ ಮಾರಿ ಎಂದೂ ಒಂದೇ ದೈವಕ್ಕೆ ಎರಡು ಹೆಸರುಗಳನ್ನು ಇಟ್ಟುಕೊಂಡಿದ್ದ ಭಾಷೆಯಲ್ಲಿ ‘ನಿನ್ನ ಮನೆಗೆ ಮಾರಿ ಹೊಗ’ ಎಂಬುದು ಬರಿಯ ಬೈಗುಳವಾಗಿರಲಿಲ್ಲ, ನಿಜವಾದ ಶಾಪವಾಗಿತ್ತು, ಕೇಳಿದವರ ಹೊಟ್ಟೆಯಲ್ಲಿ ನಡುಕ ಹುಟ್ಟುತ್ತಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಭೂಮಿಯಿಂದಲೇ ತೊಲಗಿತೆಂದು ಸಾರಿತು. ಭಯ ಹೋಯಿತು, ಭಯದೊಡನೆ ಇದ್ದ ಮರ್ಯಾದೆಯೂ ಹೋಯಿತು. ಆಮೇಲೆ 2020ರಲ್ಲಿ ಕೊರೊನಾ ಬಂದಾಗ ನಮ್ಮ ಪತ್ರಿಕೆಗಳೂ ಟಿವಿಗಳೂ ಅದಕ್ಕೆ ದಿನವೂ ‘ಮಹಾಮಾರಿ’ ಎಂದು ಹೆಸರಿಟ್ಟವು. ವೈರಾಣುವೊಂದಕ್ಕೆ ಗೋವಿಂದನ ಹೆಸರನ್ನೋ ಗಣಪತಿಯ ಹೆಸರನ್ನೋ ಇಟ್ಟಿದ್ದರೆ ಅಂದೇ ಬೀದಿಯಲ್ಲಿ ಮೆರವಣಿಗೆ ಹೊರಡುತ್ತಿತ್ತು. ಊರಮಾರಮ್ಮನ ಜಾತ್ರೆ ಮಾಡುವ ಲಕ್ಷಾಂತರ ಜನರ ಭಾವನೆಗೆ ಇದರಿಂದ ಏನಾಯಿತೆಂದು ಕೇಳಬೇಕೆಂದು ಯಾರಿಗೂ ತೋಚಲಿಲ್ಲ. ಒಪ್ಪಿಕೊಳ್ಳಬೇಕು, ಆಗ ನನಗೂ ತೋಚಿರಲಿಲ್ಲ.

ಶನಿ ಗಂಡುದೈವ, ನಿಜ. ಆದರೆ ಅವನಿಗೂ ಒಂಟಿಯಾಗಿ ಬೈಗುಳವಾಗುವ ಯೋಗ ಕಡಿಮೆ. ತುಮಕೂರು ಜಿಲ್ಲೆಯ ಪಾವಗಡದ ಶನಿಮಹಾತ್ಮನ ಗುಡಿಯಲ್ಲಿ ಎಳ್ಳುದೀಪ ಹಚ್ಚಲು ದೂರದೂರದಿಂದ ಜನ ಬರುತ್ತಾರೆ. ಅದೇ ಸೀಮೆಯ ಮಾತಿನಲ್ಲಿ ಅವನ ಹೆಸರು ಹೆಚ್ಚಾಗಿ ಕೇಳುವುದು ‘ಶನಿಮುಂಡೇದು’ ಎಂಬ ಜೋಡಿಪದದಲ್ಲಿ. ಈ ಜೋಡಿಯಲ್ಲಿ ದೇವರಿಗಾದ ಅವಮಾನವನ್ನು ಹುಡುಕುವವರು ಅದರ ಎರಡನೆಯ ಅರ್ಧವನ್ನು ಗಮನಿಸಬೇಕು. ಮುಂಡೆ ಎಂದರೆ ವಿಧವೆ. ಬೋಳಿ ಎಂದರೆ ತಲೆ ಬೋಳಿಸಿದ ವಿಧವೆ. ಗಂಡನನ್ನು ಕಳೆದುಕೊಂಡ ಹೆಂಗಸಿನ ದುಃಖವೇ ನಮ್ಮ ಅತಿ ಬಳಕೆಯ ಬೈಗುಳ, ಎಷ್ಟು ಬಳಕೆಯದೆಂದರೆ ಅದನ್ನು ಮುದ್ದಿಗೂ ಆಡುತ್ತೇವೆ. ‘ಬಾರೋ ಮುಂಡೇದೇ, ಊಟ ಮಾಡು’ ಎಂಬ ಮಾತಿನಲ್ಲಿ ಪ್ರೀತಿಯಿದೆ ಎಂಬುದನ್ನು ಈ ಸೀಮೆಯಲ್ಲಿ ಹುಟ್ಟಿದ ನಾನು ಅಲ್ಲಗಳೆಯಲಾರೆ. ಪದ ಸವೆದಿದೆ. ಆದರೆ ಸವೆದಿರುವುದು ಆಡುವವರ ನಾಲಿಗೆಯ ಮೇಲೆ. ಅದೇ ಜಗುಲಿಯ ಮೂಲೆಯಲ್ಲಿ ಕುಳಿತ ವಿಧವೆಯ ಕಿವಿಯಲ್ಲಿ ಅದು ಸವೆದಿದೆಯೇ ಎಂದು ಕೇಳಿದವರು ಕಡಿಮೆ.

ಜಾತಿಯ ಹೆಸರನ್ನು ಬೈಗುಳ ಮಾಡುವುದಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ. ಅಲ್ಲಿ ಕನಿಷ್ಠ ಕಾನೂನು ಎಚ್ಚೆತ್ತಿದೆ: 1989ರ ದೌರ್ಜನ್ಯ ತಡೆ ಕಾಯ್ದೆ, 2015ರ ತಿದ್ದುಪಡಿಯ ನಂತರ, ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು ಜಾತಿಯ ಹೆಸರು ಹಿಡಿದು ಸಾರ್ವಜನಿಕರ ಎದುರು ಬೈಯುವುದನ್ನು ಪ್ರತ್ಯೇಕ ಅಪರಾಧವಾಗಿ ಹೆಸರಿಸುತ್ತದೆ. ದೇವರ ವಿಷಯದ ಕಾನೂನು ನೋಡುವ ರೀತಿ ಬೇರೆ. ಬ್ರಿ‌ಟಿಷರು 1927ರಲ್ಲಿ ದಂಡಸಂಹಿತೆಗೆ ಸೇರಿಸಿದ 295ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ, ಆದರೆ ಒಂದು ವರ್ಗದ ಧಾರ್ಮಿಕ ಭಾವನೆಯನ್ನು ಕೆರಳಿಸುವ ಉದ್ದೇಶಪೂರ್ವಕವಾದ, ದ್ವೇಷದಿಂದ ಕೂಡಿದ ಮನಸ್ಸು ಇದ್ದಿತೆಂದು ತೋರಿಸಬೇಕು. ಅಜಾಗರೂಕತೆಯಿಂದಲೋ ತಿಳಿಯದೆಯೋ ಆಡಿದ ಮಾತು ಇದರಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರ ರಾಮ್‌ಜೀ ಲಾಲ್ ಮೋದಿ ಪ್ರಕರಣದಲ್ಲೇ ಹೇಳಿತ್ತು. ಪಾವಗಡಕ್ಕೂ ಬಾಗೇಪಲ್ಲಿಗೂ ಆಗ ನೆರೆಯ ಜಿಲ್ಲೆಯಾಗಿದ್ದ ಅನಂತಪುರದಲ್ಲಿ, ಪತ್ರಿಕೆಯೊಂದರ ಮುಖಪುಟದಲ್ಲಿ ವಿಷ್ಣುವಿನ ರೂಪದಲ್ಲಿ ಚಿತ್ರಿತರಾದುದಕ್ಕೆ ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿಯವರ ಮೇಲೆ ಹೂಡಲಾಗಿದ್ದ ಮೊಕದ್ದಮೆಯನ್ನು 2017ರಲ್ಲಿ ರದ್ದುಮಾಡುವಾಗಲೂ ಸುಪ್ರೀಂ ಕೋರ್ಟ್ ಅದೇ ತತ್ವವನ್ನು ಎತ್ತಿಹಿಡಿಯಿತು. ಆದ್ದರಿಂದ ‘ಗೋವಿಂದ ಆಯ್ತು’ ಎಂದ ರೈತನಾಗಲಿ ರೀಲ್ಸ್ ಹುಡುಗನಾಗಲಿ ಅಪರಾಧಿಯಾಗಲಾರರು. ದೇವರ ಕಾನೂನು ಆಡಿದವನ ಮನಸ್ಸನ್ನು ನೋಡುತ್ತದೆ, ಜಾತಿನಿಂದನೆಯ ಕಾನೂನು ಮಾತು ಯಾರ ಮೇಲೆ ಬಿತ್ತು ಎಂಬುದರಿಂದ ಶುರುಮಾಡುತ್ತದೆ. ಎರಡನೆಯ ನೋಟವನ್ನೇ ನಾನು ಮೊದಲನೆಯದಕ್ಕೂ ಕೇಳುತ್ತಿರುವುದು, ಆದರೆ ಠಾಣೆಯಲ್ಲಿ ಅಲ್ಲ, ಮನೆಯಲ್ಲಿ.

ಮನೆಯಲ್ಲಿ ಈ ನೋಟ ಮೊದಲೇ ಇತ್ತು ಎಂಬುದನ್ನು ಮರೆತಿದ್ದೇವೆ. ದೇವರಾಯನದುರ್ಗದ ಒಕ್ಕಲಾದ ಮನೆಗಳಲ್ಲಿ ಮಗನಿಗೆ ನರಸಿಂಹ ಎಂದು ಹೆಸರಿಟ್ಟರೆ ಬೈಯಲು ಇನ್ನೊಂದು ಹೆಸರನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಿದ್ದರು. ಗುಂಡ, ಪುಟ್ಟ, ಕರಿಯ, ಹೀಗೆ ಏನೋ ಒಂದು. ಸಿಟ್ಟು ಬಂದಾಗ ‘ಲೇ ಗುಂಡ’ ಎನ್ನಬಹುದು, ‘ಲೇ ನರಸಿಂಹ’ ಎನ್ನುವಂತಿಲ್ಲ. ಅತ್ತೆಯ ಹೆಸರನ್ನೇ ಮಗಳಿಗೆ ಇಟ್ಟ ಸೊಸೆಗೂ ಇದೇ ಕಟ್ಟು: ಲಕ್ಷ್ಮಮ್ಮನೆಂಬ ಅತ್ತೆ ಒಳಗೆ ಕುಳಿತಿರುವಾಗ ‘ಲಕ್ಷ್ಮೀ, ನಿನ್ನ ಸೊಕ್ಕು ಮುರೀತೀನಿ’ ಎಂದು ಮಗಳನ್ನು ಗದರುವಂತಿಲ್ಲ, ಆದ್ದರಿಂದ ಮಗು ಪಾಪಮ್ಮನೋ ಚಿನ್ನಮ್ಮನೋ ಆಗುತ್ತಿತ್ತು. ಚಿಂತಾಮಣಿ, ಬಾಗೇಪಲ್ಲಿಯ ತೆಲುಗು ಮನೆಗಳಲ್ಲೂ ಈ ಕ್ರಮವಿತ್ತು. ಆ ಹೆಂಗಸರಿಗೆ ‘ಶಿವ ಶಿವಾ’ ಎಂದು ಗೊಣಗುವುದರಲ್ಲಿ ಯಾವ ಅಳುಕೂ ಇರಲಿಲ್ಲ. ಬೈಯುವಾಗ ಮಾತ್ರ ಅವರು ಹೆಸರನ್ನು ನೋಡಿ ಆರಿಸುತ್ತಿದ್ದರು, ಏಕೆಂದರೆ ಬೈಗುಳ ಒಬ್ಬರ ಮೇಲೆ ಹೊರಟು ಇನ್ನೊಬ್ಬರಿಗೆ ತಾಗಬಲ್ಲದು ಎಂಬುದು ಅವರಿಗೆ ತಿಳಿದಿತ್ತು.

ಆ ಎಚ್ಚರಕ್ಕೂ ಒಂದು ಮಿತಿ ಇತ್ತು. ನರಸಿಂಹನನ್ನೂ ಲಕ್ಷ್ಮಿಯನ್ನೂ ಕಾಪಾಡಿದ ಅದೇ ಬಾಯಿ ಮೂದೇವಿಯನ್ನು ಕಾಪಾಡಲಿಲ್ಲ. ಮಾರಿಯ ಹೆಸರನ್ನು ಹೆಣ್ಣುಮಗುವಿಗೆ ಇಟ್ಟ ಬಡವರ ಕೇರಿಯಲ್ಲಿ, ಮಾರಕ್ಕ, ಮಾರಮ್ಮ ಎಂಬ ಹೆಸರಿನ ಹುಡುಗಿಯರು ಶಾಲೆಗೆ ಬಂದ ಮೊದಲ ದಿನವೇ ಹಾಜರಿ ಕೂಗುವಾಗ ಹಿಂದಿನ ಬೆಂಚಿನಿಂದ ನಗು ಕೇಳಿಸಿಕೊಂಡರು. ಅವರಲ್ಲಿ ಎಷ್ಟೋ ಮಂದಿ ಹತ್ತನೆಯ ತರಗತಿಯ ಅರ್ಜಿ ತುಂಬುವ ಹೊತ್ತಿಗೆ ಮಂಜುಳಾ, ಮಮತಾ ಆಗಿಹೋದರು. ಈಗಿನ ಹಾಜರಿ ಪುಸ್ತಕಗಳಲ್ಲಿ ಆ ಹೆಸರು ಕಾಣುವುದೇ ಅಪರೂಪ, ಆದರೆ ಅದೇ ಶಾಲೆಯ ಅಂಗಳದಲ್ಲಿ ಮಕ್ಕಳು ಜಗಳವಾಡುವಾಗ ಮಾರಿ ಇನ್ನೂ ಬರುತ್ತಾಳೆ.